ಹನಮವ್ವನ ಗುಂಡಿಯಲ್ಲಿ ಒಂಬತ್ತು ದೇಶ

ಕಳೆದ ಭಾನುವಾರ ನಾನು ಬಿದ್ದವರಿಗೆ ಚಪ್ಪಾಳೆ ಹೊಡೆದೆ.

ನಗಬೇಡಿ. ನಾನೊಬ್ಬನೇ ಅಲ್ಲ, ಅಲ್ಲಿದ್ದ ಅಷ್ಟೂ ಜನ ಹೊಡೆದರು. ಒಬ್ಬಳು ಹುಡುಗಿ ಆಳೆತ್ತರದಿಂದ ಸಿಮೆಂಟಿನ ಮೇಲೆ ದೊಪ್ಪೆಂದು ಬಿದ್ದಳು. ಹೆಲ್ಮೆಟ್ಟು ಟಣ್ ಎಂದಿತು. ನಾನು ಕಣ್ಣು ಮುಚ್ಚಿಕೊಂಡೆ. ತೆರೆದು ನೋಡಿದರೆ ಸುತ್ತಲಿನವರೆಲ್ಲ ಚಪ್ಪಾಳೆ ತಟ್ಟುತ್ತಿದ್ದಾರೆ! ಅವಳ ಎದುರಾಳಿಗಳಂತೂ ತಮ್ಮ ತಮ್ಮ ಹಲಗೆಗಳನ್ನು ನೆಲಕ್ಕೆ ಬಡಿದು ಟಕಟಕ ಸದ್ದು ಮಾಡುತ್ತಿದ್ದಾರೆ.

ಧಾರವಾಡದಲ್ಲಿ ನಾವು ಸೈಕಲ್ ಕಲಿಯುವಾಗ ಬಿದ್ದರೆ ಮೊದಲು ಓಣಿಯವರ ನಗು, ಆಮೇಲೆ ಮನೆಯವರ ಏಟು. ಬಿದ್ದದ್ದಕ್ಕೆ ಶಾಬಾಸ್ ಅನ್ನುವ ಆಟವೂ ಒಂದಿದೆ ಅಂತ ಗೊತ್ತಾಗಲು ನನಗೆ ಐವತ್ತೆರಡು ವರ್ಷ ಬೇಕಾಯಿತು.

ಆಟದ ಹೆಸರು ಸ್ಕೇಟ್‌ಬೋರ್ಡಿಂಗ್. ನಾಲ್ಕು ಪುಟ್ಟ ಗಾಲಿಗಳ ಮೇಲೊಂದು ಹಲಗೆ. ಅದರ ಮೇಲೆ ನಿಂತು, ಬೋಗುಣಿಯ ಆಕಾರದ ದೊಡ್ಡ ಕಾಂಕ್ರೀಟ್ ಗುಂಡಿಯೊಳಗೆ ಧುಮುಕಬೇಕು. ಈ ಗೋಡೆಯಿಂದ ಇಳಿದ ರಭಸಕ್ಕೆ ಆ ಗೋಡೆ ಹತ್ತಬೇಕು. ಹತ್ತಿ, ಅಂಚು ದಾಟಿ, ಗಾಳಿಯಲ್ಲಿ ಒಂದು ಸುತ್ತು ಹೊಡೆದು, ಮತ್ತೆ ಅದೇ ಹಲಗೆಯ ಮೇಲೆ ಇಳಿಯಬೇಕು. ಮೂವರು ಜಡ್ಜುಗಳು ಕೂತು ಅಂಕ ಕೊಡುತ್ತಾರೆ. ಒಂಬತ್ತು ದೇಶಗಳ ಆಟಗಾರರು ನಮ್ಮ ಪರ್ವರಿಯ ಗುಡ್ಡದ ಮೇಲೆ ಬಂದು ಇದನ್ನು ಮಾಡಿದರು.

ಪಣಜಿಯ ಬ್ಯಾಂಕಿನಲ್ಲಿ ಲೆಡ್ಜರು ನೋಡುವ, ಕ್ರಿಕೆಟ್ ಬಿಟ್ಟು ಬೇರೆ ಆಟ ಗೊತ್ತಿಲ್ಲದ, ಮೊಣಕಾಲು ನೋವಿನ ಈ ಮನುಷ್ಯನಿಗೆ ಅಲ್ಲೇನು ಕೆಲಸ ಅಂತೀರಾ? ನನ್ನ ಹೆಂಡತಿ ಸುಧಾ ಕೂಡ ಇದೇ ಪ್ರಶ್ನೆ ಕೇಳಿದಳು. (ಅವಳು ಕಾರವಾರದವಳು. ಕೇಳಿದ ಮೇಲೆ ಉತ್ತರ ಸಿಗುವವರೆಗೂ ಬಿಡುವುದಿಲ್ಲ.)

ಉತ್ತರ ಇಷ್ಟೇ. ನನಗೆ ಕನ್ನಡ ಬರುತ್ತಿತ್ತು.

ಮಳೆಗಾಲ ಮುಗಿದ ಹೊಸತು. ನಮ್ಮ ಅಪಾರ್ಟ್‌ಮೆಂಟಿನ ಮೂರನೆಯ ಮಹಡಿಯ ಶಿರೋಡ್ಕರ್ ಆ ಗುಂಡಿಯ ಕೆಲಸಕ್ಕೆ ಸೈಟ್ ಎಂಜಿನಿಯರ್. ಒಂದು ಶನಿವಾರ ಮಧ್ಯಾಹ್ನ ಅವರ ಫೋನ್ ಬಂತು.

"ಅರೇ, ಮಾತ್ಶೆಂ ಯೋ ರೇ!" ಎಂದರು ಕೊಂಕಣಿಯಲ್ಲಿ. ಸ್ವಲ್ಪ ಬಾ ಮಾರಾಯ ಅಂತ. "ನಿಮ್ಮ ಕಡೆಯ ಮೇಸ್ತ್ರಿಗೂ ಒಬ್ಬ ಜರ್ಮನಿಯವನಿಗೂ ಇಲ್ಲಿ ಜಗಳ ಹತ್ತಿದೆ. ಇವನದು ಅವನಿಗೆ ತಿಳಿಯುವುದಿಲ್ಲ, ಅವನದು ಇವನಿಗೆ ತಿಳಿಯುವುದಿಲ್ಲ. ಸಿಟ್ಟಿಗೆದ್ದ ಮೇಸ್ತ್ರಿ ಕನ್ನಡ ಬಿಟ್ಟು ಬೇರೆ ಮಾತಾಡುವುದಿಲ್ಲ, ಅದು ನನಗೆ ತಿಳಿಯುವುದಿಲ್ಲ."

ಸ್ಕೂಟರ್ ಹತ್ತಿ ಹೋದೆ. ಕೆಂಪು ಕಲ್ಲಿನ ಬಯಲಿನ ನಡುವೆ ಅಗಲವಾದ ಗುಂಡಿ. ಒಳಗೆಲ್ಲ ಕಬ್ಬಿಣದ ಸರಳಿನ ಬಲೆ. ಒಂದು ಕಡೆಯಿಂದ ಕಾಂಕ್ರೀಟ್ ಮೆತ್ತುತ್ತ ಬಂದಿದ್ದರು. ಗುಂಡಿಯ ತಳದಲ್ಲಿ ಎತ್ತರದ ಬಿಳಿಯ ಮನುಷ್ಯನೊಬ್ಬ ಮರದ ಹಲಗೆ ಹಿಡಿದು ನಿಂತಿದ್ದ. ಆ ಹಲಗೆಯ ಒಂದು ಅಂಚನ್ನು ಬಿಲ್ಲಿನಂತೆ ಬಾಗಿಸಿ ಕೊಯ್ದಿದ್ದರು. ಅವನೇ ಲ್ಯೂಕಾಸ್. ದೇಶ ದೇಶ ತಿರುಗಿ ಇಂಥ ಗುಂಡಿ ಕಟ್ಟಿಸುವುದೇ ಅವನ ಉದ್ಯೋಗ. (ಎಂಥೆಂಥ ಉದ್ಯೋಗಗಳಿವೆ ನೋಡಿ!) ಎದುರಿಗೆ ಸೊಂಟದ ಮೇಲೆ ಕೈಯಿಟ್ಟು ನಿಂತವನು ಬಸಣ್ಣ ಮೇಸ್ತ್ರಿ, ಬಾದಾಮಿ ಕಡೆಯವನು.

ನಾನು "ಏನಾತ್ರಿ ಮೇಸ್ತ್ರಿ?" ಅಂದದ್ದೇ ತಡ, ಬಸಣ್ಣನ ಕಟ್ಟೆಯೊಡೆಯಿತು.

"ಹದಿನೆಂಟು ವರ್ಸ ಆತ್ರೀ ಸಾಹೇಬ್ರ, ಕರಣಿ ಹಿಡದು. ಪರ್ವರಿಯಾಗ ಅರ್ಧ ಬಿಲ್ಡಿಂಗ್ ನನ್ನ ಕೈಯಾಗ ಆಗ್ಯಾವು. ಇಂವ ಎರಡ ಸಲ ನಾ ಮಾಡಿದ್ದನ್ನ ಕೆತ್ತಿ ಒಗದಾನ. ಈಗ ಮೂರನೇ ಸಲ ಕೆತ್ತಾಕ ನಿಂತಾನ!"

ಲ್ಯೂಕಾಸ್ ಪಾಪ, ಸಿಟ್ಟಿನ ಮನುಷ್ಯನೇ ಅಲ್ಲ. ಬಾಗಿದ ಹಲಗೆಯನ್ನು ಗೋಡೆಗೆ ಒತ್ತಿ ತೋರಿಸಿದ. ಹಲಗೆಗೂ ಕಾಂಕ್ರೀಟಿಗೂ ನಡುವೆ ಅಲ್ಲಲ್ಲಿ ಬೆರಳು ತೂರುವಷ್ಟು ಸಂದಿ. "ಆಟಗಾರ ಬರುವ ವೇಗಕ್ಕೆ ಇದು ಸಾಕು. ಗಾಲಿ ಇಲ್ಲಿ ತಡೆಯುತ್ತದೆ, ಅವನ ತಲೆ ಅಲ್ಲಿಗೆ ಹೋಗಿ ಬಡಿಯುತ್ತದೆ," ಎಂದು ಎದುರಿನ ಗೋಡೆ ತೋರಿಸಿದ.

ನಾನು ಅನುವಾದಿಸಿದೆ. ಬಸಣ್ಣ ಸಂದಿಯಲ್ಲಿ ಬೆರಳು ತೂರಿಸಿ ನೋಡಿದ. ಆದರೆ ನೋಡಿದರೆ ಸಂದಿ ಮುಚ್ಚುತ್ತದೆಯೇ? ನೆಟ್ಟಗಿನ ಗೋಡೆಯಾಗಿದ್ದರೆ ದಾರಕ್ಕೆ ಗುಂಡು ಕಟ್ಟಿ ಇಳಿಬಿಟ್ಟು ಸರಿ ಮಾಡಿಬಿಡುತ್ತಿದ್ದ. ಇದು ತಳದಲ್ಲಿ ಬಾಗಿ, ನಡುವೆ ಏರಿ, ತುದಿಯಲ್ಲಿ ನೆಟ್ಟಗಾಗುವ ಗೋಡೆ. ಮೇಲಾಗಿ ಸುತ್ತಲೂ ತಿರುಗುವ ಗೋಡೆ.

ಆಗ ಬುಟ್ಟಿಯಲ್ಲಿ ಕಾಂಕ್ರೀಟ್ ಹೊತ್ತು ಪಕ್ಕದಲ್ಲಿ ನಿಂತಿದ್ದ ಹೆಂಗಸು ಬಾಯಿ ತೆರೆದಳು.

"ಅಣ್ಣಾರ, ಮೇಲಿಂದ ಕೆಳಗ ಎಳದ್ರ ಹಂಗ ಆಕ್ಕೈತ್ರಿ. ಇದು ಗ್ವಾಡಿ ಅಲ್ಲ, ಗುಂಡಿ. ಗುಂಡಿ ಸುತ್ತ ಹೊಂಟಂಗ ಕರಣಿ ಹೋಗಬೇಕು."

"ಏಯ್ ಹನಮವ್ವ, ನಿಂಗೇನ ತಿಳೀತೈತಿ? ಬುಟ್ಟಿ ಹಾಕಿ ಹೋಗು," ಎಂದ ಬಸಣ್ಣ.

ಹನಮವ್ವ ಬುಟ್ಟಿ ಹಾಕಿದಳು. ಹೋಗಲಿಲ್ಲ.

ನಲವತ್ತರ ಆಸುಪಾಸಿನ, ಸಣಕಲು ಮೈಯ ಹೆಂಗಸು. ಸವದತ್ತಿ ಕಡೆಯವಳು. ಗಂಡ ಯಮನಪ್ಪ ಕುಂಡಯಿಯ ಫ್ಯಾಕ್ಟರಿಗೆ ದಿನಗೂಲಿಗೆ ಹೋಗುತ್ತಾನೆ. ಊರಿನಲ್ಲಿದ್ದಾಗ ಇಬ್ಬರೂ ಗೋಬರ್ ಗ್ಯಾಸಿನ ಗುಂಡಿ ಕಟ್ಟುತ್ತಿದ್ದರಂತೆ. ಹಳೆಯ ಓದುಗರಿಗೆ ನೆನಪಿರಬಹುದು. ಹಿತ್ತಲಲ್ಲಿ ಸಗಣಿ ಕಲಸಿ ಬಿಟ್ಟರೆ ನೆಲದೊಳಗಿನ ಇಟ್ಟಿಗೆಯ ಗುಮ್ಮಟದಲ್ಲಿ ಗ್ಯಾಸ್ ತುಂಬಿ, ಪೈಪಿನಲ್ಲಿ ಒಲೆಗೆ ಬರುತ್ತಿತ್ತು. ಯಮನಪ್ಪ ಗುಮ್ಮಟ ಏರಿಸುತ್ತಿದ್ದ. ಒಳಮೈಗೆ ಗಿಲಾವ್ ಮಾಡುವುದು, ಅಂದರೆ ಪ್ಲಾಸ್ಟರ್ ಮಾಡುವುದು, ಹನಮವ್ವನ ಕೆಲಸ. ಯಾಕೆ? ಒಳಗೆ ಇಳಿಯುವ ಕಿಂಡಿ ಸಣ್ಣದು, ಅದರಲ್ಲಿ ತೂರುವ ಮೈ ಅವಳದೇ.

"ಕಂದೀಲು ಹಿಡಕೊಂಡು ಒಳಗ ಕುಂದರತಿದ್ದೆ ರೀ. ಕೂದಲೆಳಿಯಷ್ಟು ಸೀಳ ಬಿಟ್ರೂ ಗ್ಯಾಸ್ ಹೋಕ್ಕಿತ್ತು. ಗುಂಡಿ ಕಟ್ಟಿಸಿದ ಮನಿಯವ್ರು ಬೆಳಗಾದ್ರ ಬಂದು ಬೈತಿದ್ರು, ಒಲಿ ಹತ್ತವಲ್ತು ಅಂತ. ನಾ ಮಾಡಿದ ಗುಂಡಿಗೆ ಯಾರೂ ಹಂಗ ಬಂದಿಲ್ರಿ."

ಊರಿಗೆ ಸಿಲಿಂಡರ್ ಬಂತು. ಗುಮ್ಮಟದ ಕೆಲಸ ನಿಂತಿತು. ಗಂಡಹೆಂಡತಿ ಗೋವಾ ಬಸ್ ಹತ್ತಿದರು. ಇಲ್ಲಿಯ ಕಟ್ಟಡದ ಕೆಲಸದಲ್ಲಿ ಹೆಂಗಸು ಬುಟ್ಟಿ ಹೊರುತ್ತಾಳೆ, ಗಂಡಸು ಕರಣಿ ಹಿಡಿಯುತ್ತಾನೆ. ಇದನ್ನು ಯಾರೂ ಬರೆದಿಟ್ಟಿಲ್ಲ. ಎಲ್ಲರೂ ಪಾಲಿಸುತ್ತಾರೆ. ಹೀಗಾಗಿ ಆರು ವರ್ಷದಿಂದ ಹನಮವ್ವನ ಕೈ ಕರಣಿ ಮುಟ್ಟಿರಲಿಲ್ಲ.

ನಾನು ಇದನ್ನೆಲ್ಲ ಲ್ಯೂಕಾಸನಿಗೆ ಹೇಳಿದೆ. (ಸಗಣಿಯಿಂದ ಗ್ಯಾಸ್ ಬರುವುದನ್ನು ಇಂಗ್ಲಿಷಿನಲ್ಲಿ, ಅದೂ ಮರ್ಯಾದೆಯಿಂದ, ವಿವರಿಸಲು ಕಾಲು ತಾಸು ಹಿಡಿಯಿತು.) ಅವನ ಕಣ್ಣು ಅಗಲವಾಯಿತು. "ಇವರು ಗುಮ್ಮಟದ ಒಳಗೆ ಕೂತು ಫಿನಿಶಿಂಗ್ ಮಾಡಿದವರಾ? ಹಾಗಾದರೆ ನಮ್ಮದು ಅದೇ ಗುಮ್ಮಟ, ಬೋರಲು!" ಎಂದ. ಆಮೇಲೆ ತನ್ನ ಸೊಂಟದ ಚೀಲದಿಂದ ಮೂಲೆ ದುಂಡಗಿದ್ದ ಸ್ಟೀಲಿನ ಕರಣಿ ತೆಗೆದು ಅವಳತ್ತ ಚಾಚಿದ.

ಹನಮವ್ವ ಕರಣಿ ನೋಡಲಿಲ್ಲ. ಬಸಣ್ಣನ ಮುಖ ನೋಡಿದಳು. ಅದು ನನಗೆ ಈಗಲೂ ನೆನಪಿದೆ. ಇಂದಲ್ಲ ನಾಳೆ ಲ್ಯೂಕಾಸ್ ವಿಮಾನ ಹತ್ತುತ್ತಾನೆ. ಅವಳಿಗೆ ನಾಡಿದ್ದೂ ಕೆಲಸ ಕೊಡಬೇಕಾದವನು ಬಸಣ್ಣ.

ಬಸಣ್ಣ ಒಮ್ಮೆ ಗೋಡೆ ನೋಡಿದ, ಒಮ್ಮೆ ಅವಳ ಕೈ ನೋಡಿದ. ಮೂರನೇ ಸಲ ಕೆತ್ತಿಸಿಕೊಳ್ಳುವ ಅವಮಾನವೋ, ಹೆಂಗಸಿಗೆ ಕರಣಿ ಕೊಟ್ಟ ಅವಮಾನವೋ? ಲೆಕ್ಕ ಹಾಕುತ್ತಿದ್ದ ಅನಿಸುತ್ತದೆ. ಕೊನೆಗೆ, "ಹೂಂ, ಮಾಡು ನೋಡೂಣು. ಒಂದ ಬದಿ ಅಷ್ಟ," ಎಂದ.

ಸೆರಗು ಸೊಂಟಕ್ಕೆ ಸಿಕ್ಕಿಸಿ ಅವಳು ತಳದಿಂದ ಶುರು ಮಾಡಿದಳು. ತಾನು ಗುಂಡಿಯ ಸುತ್ತ ಅಡ್ಡಡ್ಡ ಸರಿಯುತ್ತ, ಒಂದೇ ಉಸಿರಿನಲ್ಲಿ ರಂಗೋಲಿಯ ಗೆರೆ ಎಳೆದ ಹಾಗೆ ಕರಣಿ ಎಳೆದಳು. ನಿಂತು ಎಳೆಯಲಿಲ್ಲ, ಕೂತು ಎಳೆಯಲಿಲ್ಲ. ಗೋಡೆ ಎಷ್ಟು ಏರುತ್ತದೋ ಅಷ್ಟೇ ತಾನೂ ಏಳುತ್ತ ಹೋದಳು. ಒಂದು ತಾಸಿನ ಮೇಲೆ ಲ್ಯೂಕಾಸ್ ಬಾಗಿದ ಹಲಗೆ ಒತ್ತಿ ನೋಡಿದ. ಜೇಬಿನಿಂದ ವಿಸಿಟಿಂಗ್ ಕಾರ್ಡ್ ತೆಗೆದು ಸಂದಿಯಲ್ಲಿ ತೂರಿಸಲು ಹೋದ. ಕಾರ್ಡ್ ಮಡಚಿಕೊಂಡಿತು, ಒಳಗೆ ಹೋಗಲಿಲ್ಲ.

ಅವನು ಕನ್ನಡದಲ್ಲಿ ಹೇಗೆ ಹೊಗಳುವುದು ಅಂತ ಕೇಳಿದ. ಹೇಳಿಕೊಟ್ಟೆ.

"ಬಾಲಾ ಚಾಲೋ," ಎಂದ ಹನಮವ್ವನಿಗೆ. ಭಾಳ ಚಲೋ ಅಂತ ಅವಳಿಗೆ ತಿಳಿಯಿತು. ಬಾಯಿಗೆ ಸೆರಗು ಹಿಡಿದು ನಕ್ಕಳು.

ಆಮೇಲೆ ಇಡೀ ಗುಂಡಿ ಹನಮವ್ವನ ಕೈಗೆ ಬಂತು. ನಾನು ಶನಿವಾರ ಮಧ್ಯಾಹ್ನದ, ಭಾನುವಾರದ ದುಭಾಷಿಯಾದೆ. ಸುಧಾ ನನ್ನ ಡಬ್ಬಿಯ ಜೊತೆ ಇನ್ನೊಂದು ಡಬ್ಬಿ ಕಟ್ಟತೊಡಗಿದಳು, ಹನಮವ್ವನಿಗೆ. ಅದನ್ನು ತಿಂದು ಹನಮವ್ವ, "ಅಕ್ಕಾರು ಉಪ್ಪಿಗೆ ಭಾಳ ಅಂಜತಾರ ನೋಡ್ರಿ," ಎಂದಳು. (ಇದನ್ನು ನಾನು ಸುಧಾಗೆ ಅನುವಾದಿಸಲಿಲ್ಲ.)

ಸ್ಪರ್ಧೆಗೆ ವಾರವಿರುವಾಗ ನಿಜವಾದ ಪೇಚು ಬಂತು. ಗೋಡೆ ಕಟ್ಟಿ ಮುಗಿದಿತ್ತು. ಹನಮವ್ವ ಅದಕ್ಕೆಲ್ಲ ಒದ್ದೆ ಗೋಣಿಚೀಲ ಹೊದಿಸಿ ದಿನಕ್ಕೆ ನಾಲ್ಕು ಸಲ ನೀರುಣಿಸುತ್ತಿದ್ದಳು. ಸ್ಪರ್ಧೆಯ ಆಯೋಜಕರಲ್ಲೊಬ್ಬ, ಕಪ್ಪು ಕನ್ನಡಕದ ಯುವಕ, ಫೋಟೋಗ್ರಾಫರುಗಳ ದಂಡು ಕಟ್ಟಿಕೊಂಡು ಬಂದ. ಜೊತೆಗೆ ಮೊದಲೇ ಬಂದಿಳಿದಿದ್ದ ಇಬ್ಬರು ಆಟಗಾರರು. ಚೀಲ ತೆಗೆಯಿರಿ, ಅರ್ಧ ತಾಸು ಓಡಿಸಲಿ, ಪೇಪರಿಗೆ ಫೋಟೋ ಬೇಕು ಎಂದ. ಲ್ಯೂಕಾಸ್ ಆ ಹೊತ್ತು ಊಟಕ್ಕೆ ಹೋಗಿದ್ದ.

ಹನಮವ್ವ ಗುಂಡಿಯ ಅಂಚಿನಲ್ಲಿ ಕೈ ಅಡ್ಡ ಹಿಡಿದು ನಿಂತುಬಿಟ್ಟಳು.

"ಅಣ್ಣಾರ, ಇವಂಗ ಹೇಳ್ರಿ. ಇನ್ನ ಹಸಿ ಐತಿ. ಈಗ ಗಾಲಿ ಓಡಿಸಿದ್ರ ಗುಂಡಿನೂ ಹೋಕ್ಕೈತಿ, ಆ ಹುಡುಗೂರ ಹಲ್ಲೂ ಹೋಕ್ಕಾವು. ಫೋಟೋ ಬೇಕಂದ್ರ ನನ್ನ ತಕ್ಕೊ ಅಂತ ಹೇಳ್ರಿ."

ನಾನೇನು ಹೇಳಿದೆ ಗೊತ್ತೇ? "ಇನ್ನೂ ಸ್ವಲ್ಪ ಸಮಯ ಕೊಟ್ಟರೆ ಒಳ್ಳೆಯದು ಅಂತ ಇವರ ಅಭಿಪ್ರಾಯ" ಅಂದೆ. ಬ್ಯಾಂಕಿನವರ ಭಾಷೆ! ಯುವಕ ಹಾಗಾದರೆ ಪರವಾಗಿಲ್ಲ ಅಂತ ಚೀಲಕ್ಕೆ ಕೈ ಹಾಕಿದ. ಹನಮವ್ವ ನನ್ನತ್ತ ತಿರುಗಿದಳು.

"ನಾ ಇಷ್ಟುದ್ದ ಹೇಳಿದೆ, ನೀವು ಇಷ್ಟ ಹೇಳಿದ್ರಲ್ರಿ?"

ನಾಚಿಕೆಯಾಯಿತು. ಎರಡನೇ ಸಲ ಅವಳು ಹೇಳಿದಂತೆಯೇ ಹೇಳಿದೆ, ಹಲ್ಲಿನ ಸಮೇತ. ಕನ್ನಡಕದ ಯುವಕ ಏನೋ ಹೇಳಲು ಹೊರಟಿದ್ದ. ಅಷ್ಟರಲ್ಲಿ ಆ ಇಬ್ಬರು ಆಟಗಾರರೇ ತಮ್ಮ ಹಲಗೆ ಕಂಕುಳಲ್ಲಿ ಇಟ್ಟುಕೊಂಡು ಹಿಂದೆ ಸರಿದರು. ಅವರಿಗೆ ಹಲ್ಲಿನ ಬೆಲೆ ಗೊತ್ತಿತ್ತು. ಪೇಪರಿನಲ್ಲಿ ಬಂದದ್ದು ಗೋಣಿಚೀಲದ ಮುಂದೆ ನಿಂತ ಆಟಗಾರರ ಫೋಟೋ.

ಇನ್ನು ಭಾನುವಾರದ ವಿಷಯ.

ಬೆಳಗ್ಗೆ ಗಂಡಸರದು. ನಮ್ಮ ದೇಶದ ಮೂವರಿದ್ದರು, ಇಬ್ಬರು ಬೆಂಗಳೂರಿನವರು, ಒಬ್ಬ ಮಾಪುಸಾದವನು. ಮೊದಲ ಸುತ್ತಿನಲ್ಲೇ ಔಟು. ಆದರೆ ಇವರು ಕಲಿತದ್ದೆಲ್ಲಿ ಕೇಳಿ. ಅಪಾರ್ಟ್‌ಮೆಂಟುಗಳ ಪಾರ್ಕಿಂಗಿನಲ್ಲಿ, ವಾಚ್‌ಮನ್ ಓಡಿಸಿಕೊಂಡು ಬರುವವರೆಗೆ! ಇಂಥ ಗುಂಡಿಯೊಳಗೆ ಅವರು ಇಳಿದದ್ದೇ ಆ ವಾರ. ಮಾಪುಸಾದವನು ಒಂದು ಸಲ ಅಂಚು ಮುಟ್ಟಿ ಬಂದಾಗ ಬ್ರೆಜಿಲ್ಲಿನವರು ಅವನನ್ನು ಎತ್ತಿ ಕುಣಿದರು.

ಬ್ರೆಜಿಲ್ಲಿನ ರಾಫಾ ಎಂಬವನು ಫೈನಲ್ಲಿನಲ್ಲಿ ಮಾಡಿದ್ದನ್ನು ಹೇಗೆ ಬರೆಯಲಿ? ಅಂಚು ದಾಟಿ ಮೇಲೆ ಹೋದವನು ಒಂದೂವರೆ ಸುತ್ತು ತಿರುಗಿದ. ಹಲಗೆ ಅವನ ಕಾಲಿಗೆ ಅಂಟಿಸಿದ ಹಾಗಿತ್ತು. ಇಳಿದ, ಎದುರಿನ ಗೋಡೆ ಹತ್ತಿದ, ಅಂಚಿನ ಮೇಲೆ ಹಲಗೆಯ ಹೊಟ್ಟೆಯಿಂದಲೇ ಕರ್ರೆಂದು ಜಾರಿಕೊಂಡು ಹೋಗಿ ಮತ್ತೆ ಧುಮುಕಿದ. ಮುಖದಲ್ಲಿ ಮಾತ್ರ ಬಸ್ಸಿಗೆ ಕಾಯುವವನ ನಿರಾಳ.

ಅವನ ನಂತರ ಆಸ್ಟ್ರೇಲಿಯಾದ ಜೋಶ್. ಆರಡಿ ದಾಟಿದ ಆಳು. ಅಷ್ಟೆತ್ತರ ಹಾರಿದವನು ಇಳಿಯುವಾಗ ಒಂದಿಷ್ಟು ತಪ್ಪಿದ. ಹಲಗೆಯಡಿ ಗಾಲಿ ಹಿಡಿದಿರುವ ಕಬ್ಬಿಣ ಗುಂಡಿಯ ಅಂಚಿಗೆ ಬಡಿಯಿತು. ಅರ್ಧ ಚಪಾತಿಯಷ್ಟು ಚಕ್ಕೆ ಹಾರಿಹೋಯಿತು.

ಸೀಟಿ. ಆಟ ನಿಂತಿತು. ಜೋಶನಿಗೆ ಏನೂ ಆಗಿರಲಿಲ್ಲ. ಆದರೆ ಆ ಕೊರಕಲಿಗೆ ಮುಂದಿನವನ ಗಾಲಿ ಸಿಕ್ಕರೆ? ಜಡ್ಜುಗಳು ತಲೆಗೆ ತಲೆ ಕೂಡಿಸಿದರು. ಸ್ಪರ್ಧೆಯನ್ನೇ ನಿಲ್ಲಿಸಬೇಕಾಗಬಹುದು ಎಂಬ ಮಾತು ನನ್ನ ಕಿವಿಗೂ ಬಿತ್ತು.

ಲ್ಯೂಕಾಸ್ ಎರಡು ಡಬ್ಬಿ ತಂದ. ಎರಡನ್ನೂ ಕಲಸಿದರೆ ಬೇಗ ಗಟ್ಟಿಯಾಗುವ ಲೇಪ. ಎಷ್ಟು ಬೇಗ ಎಂದರೆ, ಕಲಸಿದ ಮೇಲೆ ಹಚ್ಚಲು ಸಿಗುವುದು ಕೆಲವೇ ನಿಮಿಷ. ಒಂದೇ ಸಲಕ್ಕೆ ಆಗಬೇಕು, ತಿದ್ದಲು ಬರುವುದಿಲ್ಲ. ಅವನು ಕರಣಿ ತೆಗೆದವನು ಮತ್ತೆ ಕೆಳಗಿಟ್ಟ. ಹನಮವ್ವನನ್ನು ಕರೆದ.

ರಿಪೇರಿಗೆಂದೇ ಅವಳನ್ನೂ ಬಸಣ್ಣನನ್ನೂ ಅವತ್ತು ಉಳಿಸಿಕೊಂಡಿದ್ದರು. ಗುಂಡಿಯೊಳಗೆ ಏಣಿ ಇಟ್ಟರು. ಹನಮವ್ವ ಹತ್ತಿ ನಿಂತಳು. ಏಣಿಯ ಬುಡವನ್ನು ಗಟ್ಟಿಯಾಗಿ ಹಿಡಿದವನು ಯಾರು? ಚಕ್ಕೆ ಹಾರಿಸಿದ ಜೋಶ್! ಮೇಲಿನ ಕಟ್ಟೆಯ ಮೇಲೆ ಮಂಡಿಯೂರಿ, ಎರಡು ಡಬ್ಬಿಯದನ್ನೂ ಕಲಸಿ, ಬೇಕಾದಷ್ಟೇ ಬೇಕಾದಷ್ಟೇ ಅವಳ ಕರಣಿಗೆ ಹಾಕಿದವನು ಬಸಣ್ಣ. ಹದಿನೆಂಟು ವರ್ಷದ ಮೇಸ್ತ್ರಿ. ಅವಳು ಕೈ ಚಾಚುವ ಮೊದಲೇ ಲೇಪ ಸಿದ್ಧವಿರುತ್ತಿತ್ತು.

ನಾಲ್ಕೈದು ಎಳೆತ. ಮುಗಿಯಿತು. ಹನಮವ್ವ ಕೆಳಗಿಳಿಯಲಿಲ್ಲ, ಅಲ್ಲೇ ನಿಂತಳು. ಗಟ್ಟಿಯಾಗಲಿ ಅಂತ.

ಕಾಲು ತಾಸಾಯಿತು. ಮೈಕ್ ಹಿಡಿದವನು, "ಶುರು ಮಾಡೋಣವೇ?" ಎಂದ. ಎಲ್ಲರೂ ಲ್ಯೂಕಾಸನನ್ನು ನೋಡಿದರು. ಲ್ಯೂಕಾಸ್ ಹನಮವ್ವನನ್ನು ನೋಡಿದ. ಹನಮವ್ವ ಕರಣಿಯ ಹಿಡಿಕೆಯಿಂದ ಅಂಚಿಗೆ ಟಕ್ ಟಕ್ ಬಡಿದು, ಕಿವಿಗೊಟ್ಟು ಕೇಳಿದಳು.

"ಇನ್ನ ಜರಾ," ಎಂದಳು.

ಇನ್ನು ಸ್ವಲ್ಪ ಅಂತ ನಾನು ಕೂಗಿ ಹೇಳಿದೆ. ಮತ್ತೆ ಹತ್ತು ನಿಮಿಷ. ಮತ್ತೆ ಟಕ್ ಟಕ್. "ಇನ್ನ ಜರಾ." ಮೂರನೆಯ ಸಲ ಅವಳು ಬಡಿಯುವಾಗ ಇಡೀ ಜನ ಅವಳನ್ನೇ ನೋಡುತ್ತಿತ್ತು. ಅವಳು ಬಾಯಿ ತೆರೆಯುವ ಮೊದಲೇ ಬ್ರೆಜಿಲ್ಲು, ಸ್ಪೇನು, ಜಪಾನು, ಜರ್ಮನಿ ಎಲ್ಲ ಸೇರಿ ಕೂಗಿದವು: "ಇನ್ನ ಜರಾ!"

ಹನಮವ್ವ ಬೆಚ್ಚಿ ತಿರುಗಿ ನೋಡಿದಳು. ಆಮೇಲೆ ಅವಳಿಗೂ ನಗು ತಡೆಯಲಿಲ್ಲ. "ಸಾಕು ಬಿಡ್ರಿ, ಆಗೇತಿ," ಎಂದು ಏಣಿಯಿಂದ ಇಳಿದಳು. ಆಟಗಾರರೆಲ್ಲ ಹಲಗೆ ನೆಲಕ್ಕೆ ಬಡಿದರು. ಬಿದ್ದೆದ್ದವರಿಗೆ ಕೊಡುವ ಮರ್ಯಾದೆ ಅದು. ಆ ಗುಂಡಿಯಲ್ಲಿ ಒಂದು ಸಲವೂ ಜಾರದ ಹೆಂಗಸಿಗೆ ಅವತ್ತು ಸಿಕ್ಕಿತು.

ಜೋಶನ ಸರದಿಯನ್ನು ಮತ್ತೆ ಕೊಟ್ಟರು. ಅವನು ಏನು ಮಾಡಿದ ಗೊತ್ತೇ? ಗುಂಡಿಯ ಅಷ್ಟುದ್ದ ಅಂಚಿನಲ್ಲಿ ಎಲ್ಲಿ ಬೇಕಾದರೂ ಹಾರಬಹುದಿತ್ತು. ಅವನು ಕೈಯೆತ್ತಿ ಹನಮವ್ವ ತುಂಬಿದ ಜಾಗವನ್ನೇ ಬೆರಳಿಟ್ಟು ತೋರಿಸಿದ. ಅಲ್ಲಿಗೇ ಹೋದ. ಅದೇ ಅಂಚಿನ ಮೇಲೆ ಹಲಗೆಯ ಕಬ್ಬಿಣ ಕೂರಿಸಿ ಕರ್ರೆಂದು ಜಾರಿದ. ಬಸಣ್ಣ ನನ್ನ ತೋಳು ಹಿಂಡಿದ್ದು ಇನ್ನೂ ನೋಯುತ್ತಿದೆ. ಅಂಚು ಅಲುಗಲಿಲ್ಲ.

ಫಲಿತಾಂಶ: ರಾಫಾ ಮೊದಲು, ಜೋಶ್ ಎರಡನೆಯವನು, ಸ್ಪೇನಿನ ಹುಡುಗನೊಬ್ಬ ಮೂರನೆಯವನು.

ಮಧ್ಯಾಹ್ನ ಹೆಂಗಸರದು. ಗೆದ್ದವಳು ಸ್ಪೇನಿನ ಇನೆಸ್. ನೀರಿನಲ್ಲಿ ಮೀನು ಹೋದಂತೆ ಹೋದಳು, ಎಲ್ಲಿ ತಿರುಗಿದಳು ಎಲ್ಲಿ ಏರಿದಳು ಗೊತ್ತೇ ಆಗಲಿಲ್ಲ. ಎರಡನೆಯ ಸ್ಥಾನ ಬ್ರೆಜಿಲ್ಲಿಗೆ, ಮೂರನೆಯದು ಜರ್ಮನಿಗೆ. ಆದರೆ ನಾನು ಹೇಳಬೇಕೆಂದಿರುವುದು ನಾಲ್ಕನೆಯವಳ ಬಗ್ಗೆ.

ಜಪಾನಿನ ಮಿಕಿ. ಕೆಂಪು ಹೆಲ್ಮೆಟ್ಟು, ಇಷ್ಟೇ ಇಷ್ಟು ಎತ್ತರ. ಗಾಳಿಯಲ್ಲಿ ಒಂದೂವರೆ ಸುತ್ತು ತಿರುಗಲು ಹೊರಟಿದ್ದಳು, ಬೆಳಗ್ಗೆ ರಾಫಾ ಮಾಡಿದ್ದನ್ನೇ. ಅವತ್ತು ಬೇರೆ ಯಾವ ಹೆಂಗಸೂ ಅದಕ್ಕೆ ಕೈ ಹಾಕಿರಲಿಲ್ಲ. ಮೊದಲ ಸಲ ಬಿದ್ದಳು. ನಾನು ಕಣ್ಣು ಮುಚ್ಚಿದ್ದು ಆಗಲೇ. ಎರಡನೇ ಸಲ ಬಿದ್ದಳು. ಮೂರನೇ ಸಲ ಬೀಳುವಷ್ಟರಲ್ಲಿ ಗಂಟೆ ಹೊಡೆಯಿತು. ಅವಳ ಸಮಯ ಮುಗಿದಿತ್ತು. ಇನ್ನು ಏನು ಮಾಡಿದರೂ ಅಂಕ ಇಲ್ಲ.

ಅವಳು ಮತ್ತೆ ಮೇಲೆ ಹತ್ತಿ ಹೋದಳು.

ನಾನು ಪಕ್ಕದವನನ್ನು ಕೇಳಿದೆ, ಇದಕ್ಕೆ ಪರವಾನಗಿ ಇದೆಯೇ ಅಂತ. (ಬ್ಯಾಂಕಿನ ಬುದ್ಧಿ.) ಅವನು ನನ್ನನ್ನು ವಿಚಿತ್ರವಾಗಿ ನೋಡಿದ. ಇವಳ ನಂತರ ಇಳಿಯಬೇಕಾದ ಇನೆಸ್ ತನ್ನ ಹಲಗೆಯನ್ನು ಕೆಳಗಿಟ್ಟು ಅಂಚಿನಲ್ಲಿ ಕೂತುಬಿಟ್ಟಳು, ನನಗೇನೂ ಅವಸರವಿಲ್ಲ ಎಂಬಂತೆ. ಜಡ್ಜುಗಳೂ ಪೆನ್ನು ಕೆಳಗಿಟ್ಟು ನೋಡತೊಡಗಿದರು.

ನಾಲ್ಕನೇ ಸಲ ಬಿದ್ದಳು. ಮೊಣಕೈಯಲ್ಲಿ ರಕ್ತ. ಯಾರೋ ಕೂಗಿದರು, "ಇನ್ನ ಜರಾ!" ಎಲ್ಲರೂ ಹಿಡಿದುಕೊಂಡರು. ಪರ್ವರಿಯ ಗುಡ್ಡದ ಮೇಲೆ ಜಪಾನಿನ ಹುಡುಗಿಯನ್ನು ಒಂಬತ್ತು ದೇಶದವರು ಸವದತ್ತಿಯ ಕನ್ನಡದಲ್ಲಿ ಹುರಿದುಂಬಿಸುವುದನ್ನು ನನ್ನ ಕಿವಿಯಾರೆ ಕೇಳಿದೆ.

ಐದನೇ ಸಲ ಅವಳು ಏರಿದಳು. ತಿರುಗಿದಳು. ಇಳಿದಳು. ಮೊಣಕಾಲು ಒಂದಿಷ್ಟು ಕುಸಿಯಿತು, ಸಾವರಿಸಿಕೊಂಡಳು. ನಿಂತಿದ್ದಳು!

ಆಮೇಲೆ ನಡೆದದ್ದನ್ನು ನಾನು ಬೇರೆ ಯಾವ ಆಟದಲ್ಲೂ ಕಂಡಿಲ್ಲ. ಅವಳ ಎದುರಾಳಿಗಳೆಲ್ಲ ಗುಂಡಿಯೊಳಗೆ ಧುಮುಕಿದರು. ಇನೆಸ್ ಅವಳನ್ನು ಮೇಲೆತ್ತಿ ಹಿಡಿದಳು. ಅಂಕಪಟ್ಟಿಯಲ್ಲಿ ಅದಕ್ಕೆ ಒಂದು ಸೊನ್ನೆಯೂ ಬೀಳಲಿಲ್ಲ. ಮಿಕಿ ನಾಲ್ಕನೆಯವಳಾಗಿಯೇ ಉಳಿದಳು. ನಾನು ಮೂವತ್ತು ವರ್ಷ ಲೆಕ್ಕಕ್ಕೆ ಬರುವುದನ್ನಷ್ಟೇ ನೋಡುವ ನೌಕರಿ ಮಾಡಿದವನು. ಲೆಕ್ಕಕ್ಕೆ ಬಾರದ ಒಂದು ಜಿಗಿತಕ್ಕೆ ಇಡೀ ಊರು ಎದ್ದು ನಿಂತಾಗ, ಮೊಣಕಾಲು ನೋವು ಮರೆತು ನಾನೂ ಎದ್ದು ನಿಂತಿದ್ದೆ.

ಬುಧವಾರ ಬ್ಯಾಂಕಿನಿಂದ ಬರುವಾಗ ಪರ್ವರಿಯ ಹೊಸ ಕಟ್ಟಡವೊಂದರ ಮುಂದೆ ಬಸಣ್ಣ ಕಂಡ. ಸ್ಕೂಟರ್ ನಿಲ್ಲಿಸಿದೆ. ಹನಮವ್ವ ಎಲ್ಲಿ ಅಂದೆ. ನೆಲದೊಳಗಿನ ನೀರಿನ ಟಾಕಿಯತ್ತ ಕೈ ತೋರಿಸಿದ. ಬಗ್ಗಿ ನೋಡಿದರೆ ಒಳಗೆ ಅವಳು, ಕೈಯಲ್ಲಿ ಕರಣಿ. ಬುಟ್ಟಿ ಹೊತ್ತು ಇಳಿಸುತ್ತಿದ್ದವನು ಬೇರೊಬ್ಬ ಆಳು.

"ಟಾಕಿ ಕೆಲಸ ಇನ್ ಮ್ಯಾಲ ಆಕೀದ್ರಿ," ಎಂದ ಬಸಣ್ಣ. ತನ್ನ ಕರಣಿ ಒರೆಸಿಕೊಳ್ಳುತ್ತ, "ಗ್ವಾಡಿ ಮಾತ್ರ ನಂದ," ಎಂದ. ಆಗಲಿ. ಹದಿನೆಂಟು ವರ್ಷದ ಮೇಸ್ತ್ರಿಗೆ ಅಷ್ಟಾದರೂ ಬೇಡವೇ?

ಹನಮವ್ವ ಮೇಲೆ ಬಂದು ಮುಖ ಒರೆಸಿಕೊಂಡಳು. ನಾನು ಪತ್ರಿಕೆಗೆ ಬರೆಯುವವನ ಗತ್ತಿನಲ್ಲಿ ಕೇಳಿದೆ. ಅಷ್ಟು ಆಟಗಾರರಲ್ಲಿ ನಿನಗೆ ಯಾರ ಆಟ ಹಿಡಿಸಿತು?

"ಆ ಕೆಂಪು ಟೊಪಗಿ ಹುಡುಗಿದ್ರಿ."

"ನಾಕು ಸಲ ಬಿದ್ರೂ ಬಿಡಲಿಲ್ಲಂತನ?"

"ಅದಕ್ಕಲ್ರಿ ಅಣ್ಣಾರ. ಬೀಳೂದು ಏಳೂದು ಎಲ್ಲಾರೂ ಮಾಡಿದ್ರು. ಆಟ ಸುರು ಆಗೂಕಿಂತ ಮದಲ ಆಕಿ ಒಬ್ಬಾಕೆನ ಗುಂಡಿಗೆ ಇಳದು, ಕುಂತು, ಸುತ್ತ ಪೂರಾ ಕೈಯಾಡಿಸಿ ನೋಡಿದ್ಲು. ನೋಡಿ, ಮಾರಿ ಎತ್ತಿ ಹುಡುಕಿದ್ಲು, ಯಾರು ಮಾಡ್ಯಾರ ಅಂತ. ನಾ ಕೈ ಎತ್ತಿದೆ."

ನಾನು ಅವತ್ತು ಎಲ್ಲರಿಗಿಂತ ಮುಂದಿನ ಸಾಲಿನಲ್ಲಿ, ಗುಂಡಿಗೆ ನಾಲ್ಕೇ ಹೆಜ್ಜೆ ದೂರದಲ್ಲಿ ಕೂತಿದ್ದೆ. ಇದು ನನಗೆ ಕಾಣದೆ ಹೋದದ್ದು ಹೇಗೆ?